ಸ್ಟಿಲ್ ಎಂಎಸ್ 250 ಚೈನ್‌ಸಾ: ಮರದ ಬುಡದಲ್ಲಿ ನಿಂತು ಮಾಡಿದ ವಿಮರ್ಶೆ

ಕಾಫಿ ಕೊಯ್ಲು ಮುಗಿದ ಮೇಲೆ, ಮುಂಗಾರು ಹಿಡಿಯುವುದಕ್ಕೆ ಮೊದಲು ಸಿಗುವ ಎರಡು-ಮೂರು ತಿಂಗಳಲ್ಲಿ ಮಲೆನಾಡಿನ ತೋಟಗಳಲ್ಲಿ ಮರಗಸಿಯ (ನೆರಳುಮರಗಳ ಕೊಂಬೆ ಸವರುವ ಕೆಲಸದ) ಜೊತೆಗೇ ಬಲಿತ ಸಿಲ್ವರ್ (ಸಿಲ್ವರ್ ಓಕ್) ಮರಗಳನ್ನು ಕೊಯ್ದು ಬೀಳಿಸುವ ಕೆಲಸವೂ ನಡೆಯುತ್ತದೆ. ಹೊಸದಾಗಿ ಚೈನ್‌ಸಾ ಕೊಳ್ಳುವವರು ಹೆಚ್ಚಾಗಿ ಅಂಗಡಿಗೆ ಹೋಗುವುದು ಈ ಹೊತ್ತಿನಲ್ಲಿಯೇ. ಅಲ್ಲಿ ಅವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಎಷ್ಟು ಸಿಸಿ, ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ) ಎಷ್ಟು ಇಂಚು, ಬೆಲೆ ಎಷ್ಟು. ಬಿದ್ದ ಮರವನ್ನು ತುಂಡು ಮಾಡುವುದಕ್ಕಷ್ಟೇ ಯಂತ್ರ ಬೇಕಾಗಿದ್ದರೆ ಈ ಪ್ರಶ್ನೆಗಳು ಸಾಕು. ನಿಂತ ಮರವನ್ನು ಬೀಳಿಸಬೇಕಾದಾಗ ಇವು ಸಾಲುವುದಿಲ್ಲ. ಬುಡದಲ್ಲಿ ನಿಂತು ಕಳೆಯುವ ಆ ಕೆಲವು ನಿಮಿಷಗಳಲ್ಲಿ ಯಂತ್ರವು ಎಷ್ಟರಮಟ್ಟಿಗೆ ಹೇಳಿದ ಹಾಗೆ ಕೇಳುತ್ತದೆ, ಬಳಸುವವನು ಬೇಗ ಬುಡ ಬಿಟ್ಟು ಸರಿಯಲು ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದೇ ನನ್ನ ಮಟ್ಟಿಗೆ ಅದರ ನಿಜವಾದ ಬೆಲೆ. ನಮ್ಮ ಕಡೆಯ ತೋಟಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಯಂತ್ರಗಳಲ್ಲಿ ಒಂದಾದ ಸ್ಟಿಲ್ ಕಂಪನಿಯ ಎಂಎಸ್ 250 ಮಾದರಿಯನ್ನು ನಾನು ಇಲ್ಲಿ ಆ ಅಳತೆಯಿಂದಲೇ ನೋಡಿದ್ದೇನೆ.

ಇದರ ಎಂಜಿನ್ 45.4 ಸಿಸಿ, ಶಕ್ತಿ 2.3 ಕಿಲೋವ್ಯಾಟ್, ಅಂದರೆ ಮೂರು ಎಚ್‌ಪಿಗಿಂತ ತುಸು ಹೆಚ್ಚು. ಬಾರ್, ಚೈನು, ಇಂಧನ ಯಾವುದೂ ಇಲ್ಲದೆ ತೂಕ 4.6 ಕೆ.ಜಿ.; ಎಲ್ಲವನ್ನೂ ಜೋಡಿಸಿ, ಟ್ಯಾಂಕ್ ತುಂಬಿ ಕೈಗೆತ್ತಿಕೊಂಡರೆ ಆರು ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಇಳಿಜಾರಿನಲ್ಲಿ ಕಾಫಿ ಗಿಡಗಳ ನಡುವೆ ನುಸುಳಿಕೊಂಡು, ಸೊಂಟ ಬಗ್ಗಿಸಿ, ನೆಲದಿಂದ ಗೇಣೆರಡು ಗೇಣು ಎತ್ತರದಲ್ಲಿ ಕೊಯ್ಯಬೇಕಾದವನಿಗೆ ಈ ತೂಕ ಮುಖ್ಯವಾದ ಸಂಗತಿ. ತೋಳು ಸೋತ ಮೇಲೆ ಕೊಯ್ತದ ಗೆರೆ ಓರೆಯಾಗುತ್ತದೆ, ಗೆರೆ ಓರೆಯಾದರೆ ಮರ ಹೇಳಿದ ಕಡೆಗೆ ಬೀಳುವುದಿಲ್ಲ. ಇದಕ್ಕಿಂತ ಚಿಕ್ಕದಾದ ಎಂಎಸ್ 180 ಸುಮಾರು ನಾಲ್ಕು ಕೆ.ಜಿ. ತೂಗುತ್ತದೆ, ಹಿಡಿಯಲು ಹಗುರ. ಆದರೆ ಬಲಿತ ಸಿಲ್ವರ್ ಮರದ ಹಿಂಗೊಯ್ತದಲ್ಲಿ, ಅಂದರೆ ಮರ ಬೀಳುವ ದಿಕ್ಕಿನ ಎದುರು ಬದಿಯಿಂದ ಹಾಕುವ ಕೊಯ್ತದಲ್ಲಿ, ಅದರ ಎಂಜಿನ್ ಏದುಸಿರು ಬಿಡುತ್ತದೆ. ಹಿಂಗೊಯ್ತವನ್ನು ನಡುವೆ ತಡೆಯಿಲ್ಲದೆ ಮುಗಿಸುವ ಶಕ್ತಿ ಎಂಎಸ್ 250ಕ್ಕೆ ಇದೆ.

ಬಾರ್ ವಿಷಯದಲ್ಲಿ ನನ್ನ ಅಭಿಪ್ರಾಯ ಅಂಗಡಿಯವರ ಮಾತಿಗೆ ವಿರುದ್ಧವಾಗಿದೆ. ಇದಕ್ಕೆ 16 ಇಂಚು ಮತ್ತು 18 ಇಂಚಿನ ಬಾರ್‌ಗಳು ಸಿಗುತ್ತವೆ, ಉದ್ದನೆಯದನ್ನೇ ಒಯ್ಯಿರಿ ಎನ್ನುವುದು ರೂಢಿಯ ಸಲಹೆ. ನಾಲ್ಕು ಅಡಿ ಸುತ್ತಳತೆಯ ಮರದ ಅಡ್ಡಳತೆ ಸುಮಾರು 39 ಸೆಂ.ಮೀ.; 16 ಇಂಚು ಎಂದರೆ 40 ಸೆಂ.ಮೀ. ಪ್ಲೈವುಡ್ ಕಾರ್ಖಾನೆಗೆ ಹೋಗುವ ಹೆಚ್ಚಿನ ಸಿಲ್ವರ್ ಮರಗಳಿಗೆ ಇಷ್ಟು ಉದ್ದ ಸಾಕು, ಅದಕ್ಕಿಂತ ದಪ್ಪದ ಮರವನ್ನು ಎರಡೂ ಬದಿಯಿಂದ ಕೊಯ್ಯಬಹುದು. ಬಾರ್ ಉದ್ದವಾದಷ್ಟೂ ಅದರ ತುದಿ ಎಲ್ಲಿದೆ ಎಂಬ ಅಂದಾಜು ತಪ್ಪುತ್ತದೆ. ತುದಿಯ ಮೇಲಿನ ಕಾಲುಭಾಗ ಪಕ್ಕದ ಕಾಫಿ ಗಿಡದ ಕಾಂಡಕ್ಕೋ, ಮರೆಯಲ್ಲಿದ್ದ ಹಳೆಯ ಬೊಡ್ಡೆಗೋ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆಗೆ ಎಗರುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದನ್ನೇ. ಗಿಡ ದಟ್ಟವಾಗಿರುವ ತೋಟದಲ್ಲಿ ಚಿಕ್ಕ ಬಾರ್ ಸುರಕ್ಷಿತ.

ಕಿಕ್‌ಬ್ಯಾಕ್ ಆದಾಗ ಕಾಪಾಡಬೇಕಾದದ್ದು ಚೈನ್ ಬ್ರೇಕ್. ಮುಂದಿನ ಹಿಡಿಯ ಎದುರಿಗಿರುವ ಕೈರಕ್ಷಕವನ್ನು ಮುಂದಕ್ಕೆ ತಳ್ಳಿದರೆ ಬ್ರೇಕ್ ಬೀಳುತ್ತದೆ. ಯಂತ್ರ ಜೋರಾಗಿ ಎಗರಿದಾಗ ಕೈ ತಾಗದಿದ್ದರೂ ಆ ಎಗರಿನ ರಭಸಕ್ಕೇ ಬೀಳುವಂತೆ ಅದನ್ನು ಮಾಡಲಾಗಿದೆ. ಎಂಎಸ್ 250ರಲ್ಲಿ ಬ್ರೇಕ್ ಹಾಕಿದ ಮತ್ತು ಬಿಟ್ಟ ಸದ್ದು ಸ್ಪಷ್ಟವಾಗಿ ಕೇಳುತ್ತದೆ, ಕೈಗವಸು ತೊಟ್ಟಿದ್ದರೂ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಆದ್ದರಿಂದ ಎರಡು ಹೆಜ್ಜೆ ನಡೆಯಬೇಕಾದರೂ ಬ್ರೇಕ್ ಹಾಕಿಯೇ ನಡೆಯುವ ಅಭ್ಯಾಸ ಸುಲಭವಾಗಿ ಬರುತ್ತದೆ. ಶುರು ಮಾಡುವಾಗಲೂ ಬ್ರೇಕ್ ಬಿದ್ದಿರಬೇಕು: ಯಂತ್ರವನ್ನು ನೆಲದ ಮೇಲಿಟ್ಟು, ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಯೊಳಗೆ ತೂರಿಸಿ ಒತ್ತಿ, ಎಡಗೈಯಿಂದ ಮುಂದಿನ ಹಿಡಿಯನ್ನು ಬಲವಾಗಿ ಹಿಡಿದು, ಬಲಗೈಯಿಂದ ಹಗ್ಗ ಎಳೆಯಬೇಕು. ಒಂದು ಕೈಯಲ್ಲಿ ಯಂತ್ರವನ್ನು ಗಾಳಿಯಲ್ಲಿ ತೂಗಾಡಿಸುತ್ತ ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ, ಮತ್ತು ಅದನ್ನು ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ತಣ್ಣನೆಯ ಎಂಜಿನ್ ಶುರು ಮಾಡುವುದು, ಬಿಸಿ ಎಂಜಿನ್ ಶುರು ಮಾಡುವುದು, ಓಡಿಸುವುದು, ನಿಲ್ಲಿಸುವುದು, ಈ ನಾಲ್ಕಕ್ಕೂ ಒಂದೇ ಸನ್ನೆ (ಲಿವರ್) ಇರುವುದರಿಂದ ತುರ್ತಿನಲ್ಲಿ ನಿಲ್ಲಿಸಲು ಬೆರಳು ತಡಕಾಡಬೇಕಾಗಿಲ್ಲ.

ಇನ್ನು ಮರದ ಬುಡಕ್ಕೆ ಬರೋಣ. ಯಂತ್ರ ಶುರು ಮಾಡುವ ಮೊದಲು ಮರವನ್ನು ಸುತ್ತಿ ಬಂದು ತಲೆಯೆತ್ತಿ ನೋಡಬೇಕು: ಕಾಂಡ ಯಾವ ಕಡೆಗೆ ವಾಲಿದೆ, ನೆತ್ತಿಯ ಭಾರ ಯಾವ ಕಡೆಗಿದೆ, ಒಣಗಿದ ಕೊಂಬೆ ತೂಗಾಡುತ್ತಿದೆಯೇ, ಗಾಳಿ ಎತ್ತಣಿಂದ ಬೀಸುತ್ತಿದೆ, ವಿದ್ಯುತ್ ತಂತಿ ಎಷ್ಟು ದೂರದಲ್ಲಿದೆ. ತೋಟದ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಅದನ್ನು ಮೊದಲೇ ಬಿಡಿಸಿ ಇಳಿಸದಿದ್ದರೆ ಕೊಯ್ತದ ಗೆರೆ ಕಾಣುವುದಿಲ್ಲ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಕಾಡುಬಳ್ಳಿಗಳು ಪಕ್ಕದ ಮರಕ್ಕೂ ಹಬ್ಬಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬೀಳುವ ಮರ ಆ ಮರದ ಕೊಂಬೆಯನ್ನೂ ಕಿತ್ತು ಕೊಯ್ಯುವವನ ತಲೆಯ ಮೇಲೆ ಕೆಡವಬಹುದು. ಕೊಯ್ಯುವವನನ್ನು ಬಿಟ್ಟು ಉಳಿದವರೆಲ್ಲರೂ ಮರದ ಎತ್ತರಕ್ಕಿಂತ ಕನಿಷ್ಠ ಎರಡು ಪಟ್ಟು ದೂರದಲ್ಲಿರಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆಯ ಪೂರ್ವಾನುಮತಿಯ ಅಗತ್ಯವಿಲ್ಲ. ಆದರೆ ತೋಟದ ಕಾಡುಜಾತಿಯ ನೆರಳುಮರಗಳಿಗೆ ಈ ವಿನಾಯಿತಿ ಇದೆ ಎಂದುಕೊಳ್ಳಬಾರದು; ಅವುಗಳ ಬುಡಕ್ಕೆ ಯಂತ್ರ ಒಯ್ಯುವ ಮೊದಲೇ ಅನುಮತಿ ಪಡೆಯುವ ಕೆಲಸ ಮುಗಿದಿರಬೇಕು.

ನಮ್ಮ ತೋಟಗಳಲ್ಲಿ ಅತಿ ಹೆಚ್ಚು ಕಡೆಗಣಿಸಲಾಗುವ ಸಂಗತಿ ತಪ್ಪಿಸಿಕೊಳ್ಳುವ ದಾರಿ. ಮರ ಬೀಳಬೇಕಾದ ದಿಕ್ಕಿಗೆ ಬೆನ್ನು ಹಾಕಿ ನಿಂತರೆ ಎಡಕ್ಕೆ ಒಂದು, ಬಲಕ್ಕೆ ಒಂದು, 45 ಡಿಗ್ರಿ ಓರೆಯಾಗಿ ಮುಂದಕ್ಕೆ ಹೋಗುವ ಎರಡು ದಾರಿಗಳನ್ನು ಮೊದಲೇ ಸವರಿಟ್ಟುಕೊಳ್ಳಬೇಕು. ಮರದ ನೇರ ಹಿಂದಕ್ಕೆ ಓಡುವಂತಿಲ್ಲ, ಏಕೆಂದರೆ ಕಾಂಡ ಬೊಡ್ಡೆಯಿಂದ ಜಾರಿ ಅದೇ ಗೆರೆಯಲ್ಲಿ ಹಿಂದಕ್ಕೆ ನುಗ್ಗಬಹುದು. ಆರಡಿಗೆ ಒಂದರಂತೆ ಅರೇಬಿಕಾ ಗಿಡಗಳಿರುವ ಕಡೆ ಇಂಥ ದಾರಿ ತಾನಾಗಿ ಇರುವುದಿಲ್ಲ. ಗಿಡದ ಕೆಲವು ರೆಕ್ಕೆಗಳನ್ನು (ಅಡ್ಡ ಕೊಂಬೆಗಳನ್ನು) ಕತ್ತರಿಸಲೇಬೇಕು, ಒಮ್ಮೊಮ್ಮೆ ಇಡೀ ಗಿಡವನ್ನೇ ತೆಗೆಯಬೇಕು. ಕೆಲಸದವರು ಹಿಂಜರಿಯುತ್ತಾರೆ: "ಬೇಡ ಗೌಡ್ರೇ, ಕಾಯಿ ಕಚ್ಚೋ ಗಿಡ, ಹಾಳಾಗುತ್ತೆ." ಆ ಹಿಂಜರಿಕೆ ನಮ್ಮ ಮೇಲಿನ ಗೌರವದಿಂದ ಬಂದದ್ದು, ಆದ್ದರಿಂದ ಅದನ್ನು ತೆಗೆದುಹಾಕುವ ಹೊಣೆಯೂ ನಮ್ಮದೇ. ಗಿಡ ಕಡಿಯಿರಿ ಎಂದು ತೋಟದ ಯಜಮಾನನೇ ಬಾಯಿಬಿಟ್ಟು ಹೇಳಬೇಕು. ಅವನು ಹೇಳದೆ ಯಾವ ಕೆಲಸಗಾರನೂ ತನ್ನ ಪ್ರಾಣಕ್ಕಾಗಿ ಯಜಮಾನನ ಗಿಡ ಕಡಿಯುವುದಿಲ್ಲ.

ಮೊದಲ ಕೊಯ್ತ ಮರ ಬೀಳಬೇಕಾದ ಕಡೆ ಹಾಕುವ ಕಚ್ಚು. ಅದರ ಆಳ ಕಾಂಡದ ಅಡ್ಡಳತೆಯ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದವರೆಗೆ ಇದ್ದರೆ ಸಾಕು, 40 ಸೆಂ.ಮೀ. ಮರಕ್ಕೆ 8ರಿಂದ 10 ಸೆಂ.ಮೀ. ಮೇಲಿನ ಓರೆಗೊಯ್ತ, ಕೆಳಗಿನ ಸಮಗೊಯ್ತ ಎರಡೂ ಒಂದೇ ಗೆರೆಯಲ್ಲಿ ಸೇರಬೇಕು. ಒಂದು ಇನ್ನೊಂದನ್ನು ದಾಟಿ ಒಳಗೆ ಹೋದರೆ, ಮರ ಬಾಗುತ್ತಿರುವಾಗಲೇ ಕಚ್ಚು ಅಲ್ಲಿ ಮುಚ್ಚಿಕೊಂಡು ದಿಕ್ಕು ತಪ್ಪುತ್ತದೆ. ಈ ಯಂತ್ರದ ಹೊದಿಕೆಯ ಮೇಲೆ ಬಾರ್‌ಗೆ ಅಡ್ಡಲಾಗಿ ಮೂಡಿಸಿರುವ ಗುರಿಗೆರೆಯನ್ನು ಬಹಳಷ್ಟು ಜನ ಗಮನಿಸಿಯೇ ಇರುವುದಿಲ್ಲ. ಕಚ್ಚು ಹಾಕುವಾಗ ಆ ಗೆರೆ ಯಾವ ಕಡೆಗೆ ತೋರುತ್ತದೋ ಮರ ಆ ಕಡೆಗೆ ಬೀಳುತ್ತದೆ. ಗೆರೆಯ ನೇರಕ್ಕೆ ಕಣ್ಣು ಹಾಯಿಸಿ, ಎದುರಿನ ಎರಡು ಗಿಡಗಳ ನಡುವಿನ ಸಾಲಿಗೆ ಗುರಿಯಿಟ್ಟು ಕೊಯ್ದರೆ, ಬಿದ್ದ ಮರದಡಿ ಸಿಕ್ಕಿ ಮುರಿಯುವ ಕಾಫಿ ಗಿಡಗಳ ಸಂಖ್ಯೆಯೂ ಕಡಿಮೆಯಾಗುತ್ತದೆ.

ಕಚ್ಚಿನ ಎದುರು ಬದಿಯಿಂದ ಹಾಕುವುದು ಹಿಂಗೊಯ್ತ. ಕಚ್ಚಿನ ತಳಕ್ಕಿಂತ ಎರಡು-ಮೂರು ಬೆರಳು ಮೇಲೆ, ನೆಲಕ್ಕೆ ಸಮನಾಗಿ ಅದು ಬರಬೇಕು, ಮತ್ತು ಕಚ್ಚಿನವರೆಗೂ ಹೋಗದೆ ನಿಲ್ಲಬೇಕು. ನಡುವೆ ಕೊಯ್ಯದೆ ಉಳಿಸುವ ಪಟ್ಟಿಯೇ ಕೀಲು. ಅದರ ದಪ್ಪ ಅಡ್ಡಳತೆಯ ಹತ್ತನೇ ಒಂದು ಭಾಗ, ಅಂದರೆ 40 ಸೆಂ.ಮೀ. ಮರಕ್ಕೆ 4 ಸೆಂ.ಮೀ. ಬಾಗಿಲನ್ನು ಕೀಲು ಹಿಡಿದು ತಿರುಗಿಸುವ ಹಾಗೆ ಈ ಪಟ್ಟಿ ಮರವನ್ನು ಹಿಡಿದು ನೆಲಕ್ಕಿಳಿಸುತ್ತದೆ. ಮರ ಬಿದ್ದ ಮೇಲೆ ಬೊಡ್ಡೆಯನ್ನು ಬಗ್ಗಿ ನೋಡುವುದು ಒಳ್ಳೆಯ ಪಾಠ. ಕೀಲಿನ ಉದ್ದಕ್ಕೂ ನಾರು ಒಂದೇ ಸಮನಾಗಿ ಎದ್ದು ನಿಂತಿದ್ದರೆ ಕೊಯ್ತ ಸರಿಯಾಗಿದೆ. ಒಂದು ಕಡೆ ನಾರು ದಟ್ಟವಾಗಿದ್ದು ಇನ್ನೊಂದು ಕಡೆ ನುಣ್ಣಗೆ ಕೊಯ್ದಿದ್ದರೆ ಮರ ದಟ್ಟ ನಾರಿನ ಕಡೆಗೆ ಎಳೆದಿರುತ್ತದೆ. ಎಲ್ಲಿಯೂ ನಾರೇ ಇಲ್ಲದಿದ್ದರೆ ಮರ ತನಗೆ ಬೇಕಾದ ಕಡೆಗೆ ಬಿದ್ದಿದೆ, ನಮ್ಮ ಮಾತು ಅಲ್ಲಿ ನಡೆದಿಲ್ಲ. ಎಂಎಸ್ 250ರ ಎಂಜಿನ್ ಕೊಯ್ತದ ಕೊನೆಯಲ್ಲೂ ವೇಗ ಕಳೆದುಕೊಳ್ಳದ ಕಾರಣ ಕೀಲಿನ ಹತ್ತಿರ ನಿಧಾನಿಸಿ, ಎರಡೂ ಬದಿ ನೋಡಿಕೊಂಡು, ತುಸು ತುಸುವೇ ಕೊಯ್ಯಲು ಆಗುತ್ತದೆ. ನನಗೆ ಈ ಯಂತ್ರದಲ್ಲಿ ಅತಿ ಹೆಚ್ಚು ಮೆಚ್ಚುಗೆಯಾದ ಗುಣ ಇದು.

ಬೀಳಬೇಕಾದ ಕಡೆಗೇ ಮರ ಬಲವಾಗಿ ವಾಲಿದ್ದರೆ ಕೆಲಸ ಸುಲಭ ಎಂದು ಹೆಚ್ಚಿನವರು ಭಾವಿಸುತ್ತಾರೆ. ಬುಡದಲ್ಲಿ ನಿಂತವನಿಗೆ ಅದಕ್ಕಿಂತ ಅಪಾಯಕಾರಿಯಾದ ಮರ ಅಪರೂಪ. ಹಿಂಗೊಯ್ತ ಅರ್ಧಕ್ಕೆ ಬರುವಷ್ಟರಲ್ಲಿ, ಕೀಲು ಇನ್ನೂ ದಪ್ಪವಾಗಿರುವಾಗಲೇ ಮರ ಹೊರಡುತ್ತದೆ. ಬಾಗಲಾರದೆ ಕಾಂಡ ಬುಡದಿಂದ ಮೇಲಕ್ಕೆ ಉದ್ದಕ್ಕೆ ಸೀಳಿ, ಸೀಳಿದ ಹಿಂಭಾಗ ಕೊಯ್ಯುವವನ ಎದೆಯ ಮಟ್ಟಕ್ಕೋ ತಲೆಯ ಮಟ್ಟಕ್ಕೋ ಒದೆಯುತ್ತದೆ. ಓಡಲು ಸಮಯವೇ ಇರುವುದಿಲ್ಲ. ಇಂಥ ಮರಕ್ಕೆ ಹಿಂದಿನಿಂದ ಕೊಯ್ಯದೆ, ಕಚ್ಚು ಹಾಕಿದ ಮೇಲೆ ಬಾರ್‌ನ ತುದಿಯನ್ನು ಪಕ್ಕದಿಂದ ಕಾಂಡದೊಳಕ್ಕೆ ಇಳಿಸಬೇಕು. ಮೊದಲು ತುದಿಯ ಕೆಳಗಿನ ಭಾಗದಿಂದ, ಪೂರ್ತಿ ವೇಗದಲ್ಲಿ, ಬಾರ್‌ನ ಅಗಲದ ಎರಡು ಪಟ್ಟು ಒಳಗೆ ಹೋಗುವವರೆಗೆ ಕೊಯ್ದು, ಆಮೇಲೆ ನೇರವಾಗಿ ಒಳಕ್ಕೆ ತಳ್ಳಬೇಕು. ತುದಿಯ ಮೇಲಿನ ಭಾಗ ತಾಗಿದರೆ ಕಿಕ್‌ಬ್ಯಾಕ್ ಖಚಿತ. ಒಳಗೆ ಹೋದ ಬಾರ್‌ನಿಂದ ಕೀಲನ್ನು ಸರಿಯಾದ ದಪ್ಪಕ್ಕೆ ತಂದು, ಬಳಿಕ ಹಿಂದಕ್ಕೆ ಕೊಯ್ಯುತ್ತ ಬಂದು, ಕೊನೆಯಲ್ಲಿ ಒಂದು ಪಟ್ಟಿಯನ್ನು ಹಿಡಿತಕ್ಕೆ ಉಳಿಸಬೇಕು. ಆಗ ಮರ ಕೀಲು ಮತ್ತು ಆ ಹಿಂಪಟ್ಟಿಯ ಮೇಲೆ ಅಲುಗಾಡದೆ ನಿಂತಿರುತ್ತದೆ. ಯಂತ್ರ ಹೊರತೆಗೆದು, ಸುತ್ತ ಒಮ್ಮೆ ನೋಡಿ, ಕೂಗಿ ಎಚ್ಚರಿಸಿ, ಪಕ್ಕಕ್ಕೆ ನಿಂತು ಹಿಂಪಟ್ಟಿಯನ್ನು ಹೊರಗಿನಿಂದ ಕೊಯ್ದರೆ ಮರ ಒಮ್ಮೆಲೇ ಹೊರಡುತ್ತದೆ. ಇದನ್ನು ಓದಿ ಕಲಿಯಬಾರದು, ಬಲ್ಲವರ ಜೊತೆ ನಿಂತು, ಮೊದಲು ಬಿದ್ದ ದಿಮ್ಮಿಯ ಮೇಲೆ ಅಭ್ಯಾಸ ಮಾಡಬೇಕು. 16 ಇಂಚಿನ ಬಾರ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹಿಂದಕ್ಕೆ ವಾಲುವ ಅನುಮಾನವಿರುವ ಮರಕ್ಕೆ ಬೆಣೆ ಬೇಕು. ಹಿಂಗೊಯ್ತದಲ್ಲಿ ಬಾರ್ ಒಳಗೆ ಹೋದ ಕೂಡಲೇ ಅದರ ಹಿಂದೆ ಬೆಣೆ ಸೇರಿಸಿ ಹೊಡೆದರೆ ಬಾರ್ ಸಿಕ್ಕಿಕೊಳ್ಳುವುದಿಲ್ಲ, ಮರ ಹಿಂದಕ್ಕೆ ಕೂರುವುದಿಲ್ಲ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಅಥವಾ ಗಟ್ಟಿಮರದ ಬೆಣೆ ಸರಿ. ಕಬ್ಬಿಣದ್ದು ಕೂಡದು, ಚೈನು ತಾಗಿದರೆ ಹಲ್ಲು ಹಾರುತ್ತದೆ. ಬೆಣೆ ಈ ಯಂತ್ರದ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಪೆಟ್ಟಿಗೆಯಲ್ಲಿ ಬಾರದ ಇನ್ನೂ ಮುಖ್ಯವಾದ ವಸ್ತುಗಳ ಬಗ್ಗೆ ನನಗೆ ಬೇಸರವಿದೆ. ಅದು ಯಂತ್ರದ ಮೇಲಿನ ಬೇಸರವಲ್ಲ, ಮಾರಾಟದ ರೀತಿಯ ಮೇಲಿನದು. ರಕ್ಷಣಾ ಪ್ಯಾಂಟ್ ಬೇಕೆಂದು ನಾನು ಕೇಳಿದಾಗ ಅಂಗಡಿಯೊಂದರಲ್ಲಿ ಸಿಕ್ಕ ಉತ್ತರ, ಅದನ್ನು ಯಾರೂ ಕೇಳುವುದಿಲ್ಲ, ಇಟ್ಟಿಲ್ಲ ಎಂಬುದು. ಆ ಪ್ಯಾಂಟಿನ ಒಳಪದರಗಳಲ್ಲಿ ಉದ್ದನೆಯ ಕೃತಕ ನಾರುಗಳಿರುತ್ತವೆ. ಚೈನು ಬಟ್ಟೆಯನ್ನು ಹರಿದ ಕ್ಷಣ ಆ ನಾರುಗಳು ಎಳೆದುಕೊಂಡು ಹೋಗಿ ಚೈನಿನ ಹಲ್ಲುಗಾಲಿಗೆ ಸುತ್ತಿ ಯಂತ್ರವನ್ನೇ ನಿಲ್ಲಿಸುತ್ತವೆ. ಯುರೋಪಿನ ಮಾನದಂಡದಲ್ಲಿ ಒಂದನೇ ದರ್ಜೆಯ ಪ್ಯಾಂಟನ್ನು ಸೆಕೆಂಡಿಗೆ 20 ಮೀಟರ್ ಚೈನ್ ವೇಗಕ್ಕೆ, ಎರಡನೇ ದರ್ಜೆಯದನ್ನು 24 ಮೀಟರ್ ವೇಗಕ್ಕೆ ಪರೀಕ್ಷಿಸುತ್ತಾರೆ. ಎಂಎಸ್ 250ರ ಚೈನು ಭಾರವಿಲ್ಲದೆ ಪೂರ್ತಿ ಓಡುವಾಗ 20 ಮೀಟರ್ ದಾಟುತ್ತದೆ, ಆದ್ದರಿಂದ ಪ್ಯಾಂಟ್ ತೊಟ್ಟ ಮಾತ್ರಕ್ಕೆ ಕಾಲಿಗೆ ಏನೂ ಆಗದು ಎಂದಲ್ಲ. ಆದರೆ ಲುಂಗಿಯನ್ನೋ ಬರ್ಮುಡಾವನ್ನೋ ಉಟ್ಟು ಕೊಯ್ಯುವುದಕ್ಕೂ ಇದಕ್ಕೂ ಇರುವ ಅಂತರ ಕಾಲು ಉಳಿಯುವ, ಹೋಗುವ ಅಂತರ. ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್, ಕಿವಿಗೆ ಮುಚ್ಚಳ, ಗಟ್ಟಿ ಬೂಟು ಕೂಡ ಬೇಕು. ಯಂತ್ರದ ಸದ್ದು ಬಳಸುವವನ ಕಿವಿಯ ಬಳಿ 100 ಡೆಸಿಬಲ್ ಆಸುಪಾಸಿನಲ್ಲಿದೆ. ಹೀಗಾಗಿ ಎಂಎಸ್ 250ರ ಬೆಲೆ ಎಂದರೆ ಯಂತ್ರ, ಪ್ಯಾಂಟ್, ಹೆಲ್ಮೆಟ್, ಬೂಟು, ಬೆಣೆ ಎಲ್ಲವೂ ಸೇರಿದ ಬೆಲೆ ಎಂದು ಲೆಕ್ಕ ಹಾಕಿಯೇ ಅಂಗಡಿಗೆ ಹೋಗಬೇಕು. ಹಣ ಸಾಲದಿದ್ದರೆ ಯಂತ್ರವನ್ನು ಮುಂದಿನ ವರ್ಷಕ್ಕೆ ಮುಂದೂಡಿ.

ಮರ ಹೊರಟಿತು ಎಂದು ಗೊತ್ತಾಗುವುದು ಹಿಂಗೊಯ್ತದ ಬಿರುಕು ಅಗಲವಾಗುವುದರಿಂದ. ಆ ಕ್ಷಣ ಇನ್ನೂ ಸ್ವಲ್ಪ ಕೊಯ್ಯೋಣ ಎಂಬ ಆಸೆ ಬರುತ್ತದೆ, ಬೀಳುವ ಮರವನ್ನು ನೋಡುತ್ತ ನಿಲ್ಲುವ ಆಸೆಯೂ ಬರುತ್ತದೆ. ಬಾರ್ ಹೊರಗೆಳೆದು, ಬ್ರೇಕ್ ಹಾಕಿ, ಮೊದಲೇ ಸವರಿದ ದಾರಿಯಲ್ಲಿ ಮೇಲೆ ನೋಡುತ್ತಲೇ ಸರಿಯಬೇಕು. ಬಾರ್ ಸಿಕ್ಕಿಕೊಂಡಿದ್ದರೆ ಯಂತ್ರವನ್ನು ಅಲ್ಲೇ ಬಿಟ್ಟು ಸರಿಯಬೇಕು. ಮರ ನೆಲಕ್ಕೆ ಬಿದ್ದ ಮೇಲೂ ಮುರಿದ ಕೊಂಬೆಗಳು ಪಕ್ಕದ ಮರಗಳಿಂದ ಉದುರುತ್ತಿರುತ್ತವೆ, ಆದ್ದರಿಂದ ಕೂಡಲೇ ಬುಡಕ್ಕೆ ಮರಳಬಾರದು. ಬೀಳುವ ಮರ ಇನ್ನೊಂದು ಮರಕ್ಕೆ ಒರಗಿ ನಿಂತರೆ, ಒರಗಿಸಿಕೊಂಡ ಮರವನ್ನು ಕೊಯ್ಯುವುದಾಗಲಿ, ಕೆಳಗೆ ನುಗ್ಗಿ ಕಾಂಡವನ್ನು ತುಂಡು ತುಂಡಾಗಿ ಕೊಯ್ಯುವುದಾಗಲಿ ಆತ್ಮಹತ್ಯೆಗೆ ಸಮ. ಅದನ್ನು ದೂರದಿಂದ ವಿಂಚ್ ಹಾಕಿ ಬುಡದಿಂದ ಎಳೆಯಬೇಕು, ಅದು ಸಿಗುವವರೆಗೆ ಆ ಜಾಗಕ್ಕೆ ಯಾರೂ ಹೋಗದಂತೆ ಹಗ್ಗ ಕಟ್ಟಿಡಬೇಕು.

ಇಂಧನದ ವಿಷಯದಲ್ಲಿ ಕೊಳ್ಳುವವರು ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ಇದು ಟು-ಸ್ಟ್ರೋಕ್ ಎಂಜಿನ್. ಕಂಪನಿಯ ಆಯಿಲ್ ಆದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಬೆರೆಸಬೇಕು. ಕೈಯಿಂದ ಹೊಂದಿಸುವ ಕಾರ್ಬ್ಯುರೇಟರ್ ಇರುವ ಎಂಜಿನ್‌ಗಳಿಗೆ ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲ್ ಒಗ್ಗದು ಎಂದು ಸ್ಟಿಲ್ ಕೈಪಿಡಿಗಳು ಹೇಳುತ್ತವೆ, ಎಂಎಸ್ 250ರದ್ದು ಅಂಥದೇ ಕಾರ್ಬ್ಯುರೇಟರ್. ನಮ್ಮ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವವನ್ನು ಹೀರುತ್ತದೆ, ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಕೊರತೆಯಿಲ್ಲ. ಹಿಂಗೊಯ್ತ ಮುಕ್ಕಾಲು ಮುಗಿದಾಗ ಎಂಜಿನ್ ಕೆಮ್ಮಿ ನಿಂತರೆ, ಅರ್ಧ ಕೊಯ್ದ ಮರದ ಬುಡದಲ್ಲಿ ಹಗ್ಗ ಎಳೆಯುತ್ತ ನಿಲ್ಲಬೇಕಾಗುತ್ತದೆ. ಅಂಥ ಸ್ಥಿತಿ ಯಾರಿಗೂ ಬರಬಾರದು. ಎಥನಾಲ್ ಕಡಿಮೆ ಇರುವ ಪೆಟ್ರೋಲ್ ಎಲ್ಲಾದರೂ ಸಿಗುವುದಾದರೆ ಹುಡುಕಿ ತರುವುದು ಒಳ್ಳೆಯದು. ಸಿಗದಿದ್ದರೆ ಕೆಲಸಕ್ಕೆ ಬೇಕಾದಷ್ಟನ್ನೇ ಅಂದೇ ಬೆರೆಸಿ, ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿಡಬೇಕು. ದೊಡ್ಡ ಮರಕ್ಕೆ ಕೈ ಹಾಕುವ ಮೊದಲು ಟ್ಯಾಂಕ್ ತುಂಬಿರಲಿ.

ಚೈನಿನ ಹದದ ಬಗ್ಗೆ ಒಂದು ಮಾತು. ಹರಿತವಾದ ಚೈನು ಬಿಲ್ಲೆ ಬಿಲ್ಲೆಯಾಗಿ ಚೂರು ಉಗುಳುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಪುಡಿ ಕಂಡ ಕೂಡಲೇ ನಿಲ್ಲಿಸಿ 4.8 ಮಿ.ಮೀ. ದುಂಡು ಅರದಿಂದ ಹಲ್ಲುಗಳನ್ನು ಹದ ಮಾಡಬೇಕು, ಏಕೆಂದರೆ ಮೊಂಡು ಚೈನನ್ನು ಒತ್ತಿ ಒತ್ತಿ ಕೊಯ್ಯುವವನು ಕೀಲಿನ ಬಳಿ ಹಿಡಿತ ತಪ್ಪುತ್ತಾನೆ. ಬಾರ್‌ಗೆ ಹಳೆಯ ಎಂಜಿನ್ ಆಯಿಲ್ ಹಾಕುವ ರೂಢಿ ಬಿಟ್ಟುಬಿಡಿ.

ಹಲವು ಪಟ್ಟು ಕಡಿಮೆ ಬೆಲೆಗೆ 58 ಸಿಸಿ, 22 ಇಂಚು ಎಂದು ಬರೆದ ಹೆಸರಿಲ್ಲದ ಯಂತ್ರಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ದಿಮ್ಮಿ ತುಂಡು ಮಾಡಲು ಅವು ನಡೆದಾವು. ನಿಂತ ಮರದ ಬುಡಕ್ಕೆ ಅಂಥದನ್ನು ಒಯ್ಯುವ ಮುನ್ನ ಅದರ ಚೈನ್ ಬ್ರೇಕ್ ನಿಜವಾಗಿಯೂ ಬೀಳುತ್ತದೆಯೇ, ಆಕ್ಸಲರೇಟರ್ ಬಿಟ್ಟಾಗ ಚೈನು ಪೂರ್ತಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಎರಡರಲ್ಲಿ ಒಂದು ಇಲ್ಲವಾದರೂ ಅದು ಈ ಕೆಲಸಕ್ಕಲ್ಲ. ಅಡಿಕೆ ಮರ, ಕೊಂಬೆ, ಸೌದೆಗೆ ಮಾತ್ರ ಬಳಸುವವರಿಗೆ ಎಂಎಸ್ 180 ಸಾಕು. ದಿನವಿಡೀ ಮರ ಬೀಳಿಸುವುದೇ ಕಸುಬಾಗಿರುವವರು 50.2 ಸಿಸಿ, 3 ಕಿಲೋವ್ಯಾಟ್‌ನ ಎಂಎಸ್ 261ರಂಥ ವೃತ್ತಿಪರ ಯಂತ್ರಕ್ಕೆ ಹೋಗುವುದು ಒಳ್ಳೆಯದು. ತೂಕದಲ್ಲಿ ಅದು ಸ್ವಲ್ಪವೇ ಹೆಚ್ಚು, ಕೈಗೆ ಬರುವ ಕಂಪನ ಕಡಿಮೆ. ವರ್ಷಕ್ಕೊಮ್ಮೆ ಸಿಲ್ವರ್ ಕೊಯ್ಸುವ, ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ತೆಗೆಸುವ ಮಧ್ಯಮ ಗಾತ್ರದ ತೋಟಕ್ಕೆ 16 ಇಂಚಿನ ಬಾರ್ ಹಾಕಿದ ಎಂಎಸ್ 250 ಕೊಳ್ಳಿರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬಿಲ್ ಮಾಡಿಸುವ ಮೊದಲು ಅಂಗಡಿಯವರಿಂದಲೇ ಯಂತ್ರವನ್ನು ನೆಲದ ಮೇಲಿಡಿಸಿ ಶುರು ಮಾಡಿಸಿ, ಬ್ರೇಕ್ ಹಾಕಿಸಿ ನೋಡಿ, ಮತ್ತು ಅದನ್ನು ಬಳಸಲಿರುವ ಕೆಲಸಗಾರನನ್ನು ಜೊತೆಗೇ ಕರೆದುಕೊಂಡು ಹೋಗಿ, ಪ್ಯಾಂಟು ಬೂಟುಗಳನ್ನು ಅವನ ಅಳತೆಗೇ ಆರಿಸಿ.